ಸರ್ವೇಯರ್ ಹೇಳಿಟ್ಟ ಬಣ್ಣ

ಮೇ ೧೨, ಭಾನುವಾರ ಬೆಳಿಗ್ಗೆ

ರೀ,

ಪತ್ರದ ತಲೆಗೆ ಏನು ಬರೆಯಲಿ ಎಂದು ಯೋಚಿಸಿಯೇ ಎರಡು ಹಾಳೆ ಹಾಳಾದವು. ‘ಪ್ರಿಯ’ ಎನ್ನಲು ಕೈ ಏಳಲಿಲ್ಲ. ‘ಮಾನ್ಯರೇ’ ಎಂದರೆ ಕಚೇರಿಗೆ ಅರ್ಜಿ ಗುಜರಾಯಿಸಿದ ಹಾಗಾಗುತ್ತದೆ. ಹನ್ನೊಂದು ವರ್ಷ ಅಡುಗೆಮನೆಯಿಂದ ಕೂಗಿದ್ದು ಇದೊಂದೇ ಅಕ್ಷರ. ಅದನ್ನೇ ಬರೆದೆ.

ನಿಮ್ಮ ಪತ್ರ ಬಂದು ಐದು ವಾರವಾಯಿತು. ವಿಳಾಸ ಯಾರು ಕೊಟ್ಟರೆಂದು ಕೇಳುವುದಿಲ್ಲ. ನನ್ನ ತಂಗಿಯ ಬಾಯಲ್ಲಿ ಏನು ನಿಲ್ಲುತ್ತದೆ ಹೇಳಿ. ನಾಲ್ಕು ಸಾಲಿನಲ್ಲಿ ಎರಡು ಪ್ರಶ್ನೆ ಕೇಳಿದ್ದೀರಿ. ಕೆಂಪು ಕಾರು ಇನ್ನೂ ಇದೆಯಾ ಎಂಬುದೊಂದು. ನಾನು ಬರಬಹುದಾ ಎಂಬುದು ಇನ್ನೊಂದು. ಮೊದಲನೆಯದನ್ನು ಪೂರ್ತಿ ಹೇಳಿದರೆ ಎರಡನೆಯದಕ್ಕೂ ಉತ್ತರ ಸಿಕ್ಕೀತು. ಸ್ವಲ್ಪ ಉದ್ದವಾಗುತ್ತದೆ, ಕೂತು ಓದಿ.

ಕಾರು ಇದೆ. ಕೆಂಪು ಇಲ್ಲ.

ಇಲ್ಲಿ ನಾನು ಒಂದು ಕನ್ನಡಕದ ಅಂಗಡಿಯಲ್ಲಿದ್ದೇನೆ. ಕಣ್ಣಿನ ಡಾಕ್ಟರು ವಾರಕ್ಕೆರಡು ದಿನ ಬರುತ್ತಾರೆ. ಅಳತೆ ತೆಗೆಯುವುದು, ಗಾಜು ಕೂರಿಸುವುದು, ಮೂಗಿನ ಮೇಲೆ ನಿಲ್ಲದ ಫ್ರೇಮನ್ನು ಬಗ್ಗಿಸಿ ನಿಲ್ಲಿಸುವುದು ನನ್ನ ಪಾಲು. ಎರಡೂವರೆ ವರ್ಷದಿಂದ ಕಾರು ಮನೆಯೆದುರು ಬಿಸಿಲಲ್ಲೇ ನಿಂತಿತ್ತು. ನೀವು ವಾರವಾರ ಮೇಣ ತಿಕ್ಕುತ್ತಿದ್ದ ಆ ಕೆಂಪು, ಬಾನೆಟ್ಟಿನ ಮೇಲೆ ಹಳೆಯ ಪ್ಲಾಸ್ಟಿಕ್ ಬಕೆಟ್ಟಿನಂತೆ ಬಿಳಚಿಕೊಂಡಿತು. ಮೇಲಿನ ಹೊಳಪು ಪದರ ಬಿಸಿಲಿಗೆ ಸುಟ್ಟ ಚರ್ಮದ ಹಾಗೆ ಸುಲಿದು ಏಳತೊಡಗಿತು. ಗ್ಯಾರೇಜಿನವನನ್ನು ಕೇಳಿದರೆ, ಅವನು ಹೇಳಿದ ದುಡ್ಡಿಗೆ ಇಂಥದೇ ಇನ್ನೊಂದು ಕಾರು ಬರುತ್ತಿತ್ತು. ಮೂಗಿಗಿಂತ ಮೂಗುತಿ ಭಾರ. ನಾನೇ ಬಳಿದುಕೊಳ್ಳುತ್ತೇನೆ ಎಂದು ಹೊರಟೆ.

ನಗಬೇಡಿ. ಗೋಡೆಗೆ ಮೊಳೆ ಹೊಡೆಯಲೂ ನಿಮ್ಮನ್ನೇ ಕರೆಯುತ್ತಿದ್ದವಳು ನಿಜ. ಕಲಿತೆ.

ನಮ್ಮ ಬೀದಿಯ ಕೊನೆಯಲ್ಲಿ ಬಣ್ಣದಂಗಡಿಯಿದೆ. ಅದರ ಯಜಮಾನರನ್ನು ಎಲ್ಲರೂ ಡಬ್ಬಿ ಮಾಮ ಎನ್ನುತ್ತಾರೆ. ಓದುವ ಕನ್ನಡಕವನ್ನು ನಾನೇ ಮಾಡಿಕೊಟ್ಟಿದ್ದರಿಂದ ಅವರಿಗೆ ನನ್ನ ಮೇಲೆ ಸ್ವಲ್ಪ ಅಕ್ಕರೆ. ಫೆಬ್ರವರಿಯ ಒಂದು ಶನಿವಾರ ಹೋಗಿ, ಕೈಲಿರೋದು ಇಷ್ಟೇ, ಇಷ್ಟರಲ್ಲಿ ಒಂದು ಕಾರು ಆಗಬೇಕು ಅಂದೆ. ಅವರು ಮಾರುವುದನ್ನು ಬಿಟ್ಟು ಪಾಠವನ್ನೇ ಶುರು ಮಾಡಿದರು.

“ಒತ್ತಿದ್ರೆ ಸಿಂಪಡಿಸೋ ಡಬ್ಬಿ ಅಗ್ಗ ಅಂತ ಕಾಣುತ್ತೆ ಅಮ್ಮ. ಒಂದು ಬಾಗಿಲಿಗೆ ಎರಡು ನುಂಗುತ್ತೆ. ಇಪ್ಪತ್ತು ಡಬ್ಬಿ ತಗೊಂಡು ಕೊನೆಗೆ ಪಟ್ಟೆ ಪಟ್ಟೆ ಹುಲಿ ಆಗುತ್ತೆ. ಗೇಟಿಗೆ ಹೊಡೆಯೋ ಎನಾಮೆಲ್ ರೋಲರ್‌ನಲ್ಲಿ ಹಚ್ಚಬಹುದು, ಎಲ್ಲಕ್ಕಿಂತ ಅಗ್ಗ, ಆದ್ರೆ ಮೈಯೆಲ್ಲ ಕಿತ್ತಳೆ ಸಿಪ್ಪೆ ಥರ ಏಳುತ್ತೆ. ಎರಡು ಡಬ್ಬಿ ಕಲಸಿ ಹೊಡೆಯೋದು ಕಲ್ಲಿನ ಹಾಗೆ ಗಟ್ಟಿ, ಆದ್ರೆ ಅದರ ಹೊಗೆ ಎದೆಗೆ ವಿಷ. ಮನೇಲಿ ಮಾಡೋ ಕೆಲಸ ಅಲ್ಲ ಅದು.”

ಒಂದೇ ಪದರದಲ್ಲಿ ಹೊಳಪೂ ಬರುವ, ಗನ್ನಿನಿಂದ ಹೊಡೆಯುವ ಬಣ್ಣವೇ ನನಗೆ ಸರಿ ಎಂದು ಅವರೇ ತೀರ್ಮಾನಿಸಿದರು. ಮಿನುಗುವ ಬಣ್ಣ ಬೇಡ, ಹೊಸ ಕೈಗೆ ಅದು ಕೂಡುವುದಿಲ್ಲ. ಕಪ್ಪು ಬೇಡ, ಅದು ಒಂದೊಂದು ತಗ್ಗನ್ನೂ ಸಾರಿ ಹೇಳುತ್ತದೆ. “ದುಡ್ಡು ಉಳಿಸ್ಬೇಕು ಅಂದ್ರೆ ಬಣ್ಣದಲ್ಲಿ ಉಳಿಸಿ. ಉಜ್ಜೋ ಕಾಗದದಲ್ಲಿ, ಪ್ರೈಮರ್‌ನಲ್ಲಿ ಉಳಿಸ್ಬೇಡಿ. ಅಡಿಪಾಯ ಕದ್ದ ಮನೆ ನಿಲ್ಲಲ್ಲ” ಅಂದರು. ಮತ್ತೆ, “ಎಲ್ಲಕ್ಕಿಂತ ಅಗ್ಗದ ದಾರಿ ಹಳೇ ಬಣ್ಣಾನೇ ಹೊಡೆಯೋದು. ಆಗ ಬಾಗಿಲಿನ ಒಳಗಂಚು ಮುಟ್ಟೋದೇ ಬೇಡ. ಕೆಂಪೇ ಕೊಡ್ಲಾ?” ಎಂದು ಕೇಳಿದರು.

ಕೆಂಪು ಬಿಟ್ಟು ಏನಾದರೂ ಕೊಡಿ ಅಂದೆ.

ಅವರು ನನ್ನ ಮುಖವನ್ನೊಮ್ಮೆ ನೋಡಿ, ಹಿಂದಿನ ಕೋಣೆಗೆ ಕರೆದೊಯ್ದರು. ಕಲಸುವಾಗ ಹದ ತಪ್ಪಿದ್ದು, ಗಿರಾಕಿ ಬೇಡವೆಂದಿದ್ದು, ಹೇಳಿ ಹೋಗಿ ಒಯ್ಯದೆ ಬಿಟ್ಟಿದ್ದು, ಎಲ್ಲ ಅಲ್ಲಿನ ಕೆಳಗಿನ ಹಲಗೆಯ ಮೇಲಿದ್ದವು. ಅಲ್ಲಿಂದ ನಾಲ್ಕು ಲೀಟರಿನ ಒಂದು ಡಬ್ಬಿ ಎಳೆದರು. ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ‘ಸರ್ವೇಯರ್, ಶನಿವಾರ’ ಎಂದು ಬರೆದಿತ್ತು. “ಆರು ತಿಂಗಳಾಯ್ತು, ಆ ಶನಿವಾರ ಇನ್ನೂ ಬಂದಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಇದೇ ಬಣ್ಣ ಕಲಸಿಸ್ಕೊಂಡು ತಾನೇ ಹೊಡ್ಕೋತಿದ್ದ ಮನುಷ್ಯ. ಬಂದ್ರೆ ಮತ್ತೆ ಕಲಸಿಕೊಡೋಣ. ಇಟ್ಟಷ್ಟೂ ತಳ ಹಿಡಿಯುತ್ತೆ, ನೀವು ತಗೊಳಿ” ಎಂದು ಅರ್ಧ ಬೆಲೆಗೆ ಕೊಟ್ಟರು.

ಮುಚ್ಚಳ ತೆಗೆದಾಗ ಮೊದಲು ಬೂದು ಎನಿಸಿತು. ಕಡ್ಡಿಯಲ್ಲಿ ಕದಡಿದಂತೆ ಒಳಗಿನಿಂದ ಹಸಿರು ಏಳುತ್ತ ಬಂತು. ತಾಮ್ರಕ್ಕೆ ಹಿಡಿದ ಕಿಲುಬಿಗೆ ಒಂದು ಹನಿ ಹಾಲು ಬೆರೆಸಿದಂಥ ಹಸಿರು. ದಿನವಿಡೀ ಬಣ್ಣದ ಗಾಜುಗಳ ನಡುವೆ ಇರುವವಳು ನಾನು. ಅಂಥದನ್ನು ಎಲ್ಲೂ ನೋಡಿರಲಿಲ್ಲ.

ನಾಲ್ಕು ಭಾನುವಾರ ಹಿಡಿಯಿತು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಸೋಪುನೀರಲ್ಲಿ ತೊಳೆದೆ, ಎಣ್ಣೆ ಜಿಡ್ಡು ತೆಗೆದೆ, ಒದ್ದೆ ಕಾಗದ ಹಾಕಿ ಉಜ್ಜಿದೆ. ಬೆರಳ ತುದಿಯ ಗೆರೆಗಳೆಲ್ಲ ಸವೆದವು. ಉಜ್ಜಿದ ನೀರು ಕೆಂಪಗೆ ಹರಿದು ಮೋರಿಗೆ ಹೋಗುತ್ತಿತ್ತು. ಪಕ್ಕದ ಮನೆಯಾಕೆ ಬಗ್ಗಿ ನೋಡಿ ಗಾಬರಿಯಾದರು. ಗಾಜುಗಳಿಗೆ ಹಳೆಯ ಪೇಪರ್ ಅಂಟಿಸಿ, ಧೂಳೇಳದಂತೆ ನೆಲ ತೋಯಿಸಿ, ಡಬ್ಬಿ ಮಾಮ ಕೊಟ್ಟ ಗನ್ನು ಹಿಡಿದೆ. ಮೊದಲ ಸಲ ಹಿಡಿದವರು ಎಲ್ಲಾದರೂ ಒಂದೆಡೆ ಬಣ್ಣ ಸೋರಿಸಿಯೇ ಸೋರಿಸುತ್ತಾರಂತೆ. ನಾನು ಒಂದು ಹನಿಯನ್ನೂ ಸೋರಿಸಲಿಲ್ಲ. ಎಲ್ಲಿ ನಿಧಾನಿಸಬೇಕು, ಎಲ್ಲಿ ತಿರುಗಬೇಕು ಎಂಬುದು ಕೈಗೇ ಗೊತ್ತಿತ್ತು. ಹಿಂದೆ ನಿಂತು ಯಾರೋ ಮೊಣಕೈ ಹಿಡಿದು ನಡೆಸಿದ ಹಾಗೆ. ಆಗ ಅದು ನನಗೆ ಹೆಮ್ಮೆಯಾಯಿತೇ ಹೊರತು ಬೇರೇನೂ ಅನಿಸಲಿಲ್ಲ.

ಬಾಗಿಲುಗಳ ಒಳಗಂಚಿಗೆ ಬಣ್ಣ ಸಾಲಲಿಲ್ಲ. ಅಲ್ಲಿ ಮಾತ್ರ ಹಳೆಯ ಕೆಂಪು ಉಳಿಯಿತು. ಬಾಗಿಲು ತೆರೆದರೆ ಹಸಿರು ಪ್ರಾಣಿಯೊಂದು ಬಾಯಿ ಕಳೆದ ಹಾಗೆ ಕಾಣುತ್ತದೆ.

ಈ ಊರಿನಲ್ಲಿ ನನಗೆ ಪರಿಚಯ ಕಡಿಮೆ. ಆದರೆ ಬಣ್ಣ ಒಣಗಿ ಕಾರು ರಸ್ತೆಗಿಳಿದ ಮೊದಲ ದಿನವೇ ಜನ ಕೈಯೆತ್ತತೊಡಗಿದರು. ಗಿರಣಿಯ ಕಾವಲುಗಾರ ನಗುತ್ತ ಸಲಾಮು ಹೊಡೆದು, ಒಳಗೆ ನನ್ನನ್ನು ಕಂಡು ಎತ್ತಿದ ಕೈಯನ್ನು ಹಾಗೇ ಇಳಿಸಿಬಿಟ್ಟ. ಪೆಟ್ರೋಲ್ ಬಂಕಿನವಳು “ಅಬ್ಬಾ, ಎಷ್ಟು ದಿನ ಆಯ್ತು!” ಎಂದು ಕಿಟಕಿಗೆ ಬಗ್ಗಿ, ನನ್ನ ಮುಖ ನೋಡಿದಳು. ಕ್ಷಮಿಸಿ ಎಂದು ಕೂಡ ಅನ್ನಲಿಲ್ಲ. ಹೆಜ್ಜೆ ಹಿಂದೆ ಸರಿದಳು.

ಐದನೆಯ ದಿನ, ಅಂಗಡಿಯಿಂದ ಬರುವಾಗ ಸಂಜೆ ಐದು. ಗಿರಣಿಯ ಬಸ್ ನಿಲ್ದಾಣದ ಬಳಿ ಮುಂದಿನ ಲಾರಿ ನಿಂತಿದ್ದರಿಂದ ನಾನೂ ನಿಂತೆ. ಹಿಂದಿನ ಬಾಗಿಲು ತೆರೆದ ಸದ್ದು. ಒಬ್ಬ ಅಜ್ಜಿ ಒಳಗೆ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿಲು ಹಾಕಿಕೊಂಡರು.

“ತಡ ಮಾಡಿದೆಯಲ್ಲೋ ಇವತ್ತು” ಅಂದರು.

ತಿರುಗಿ ನೋಡಿದೆ. ಕಣ್ಣು ನೋಡುವುದೇ ನನ್ನ ಕಸುಬಲ್ಲವೇ. ಎರಡೂ ಕಣ್ಣಿನಲ್ಲಿ ಪೊರೆ ಹಣ್ಣಾಗಿ ಮಂಜುಗಾಜಿನಂತಾಗಿತ್ತು. ಅಂಥ ಕಣ್ಣಿಗೆ ಮುಖ ಕಾಣುವುದಿಲ್ಲ. ಬೆಳಕು ಕಾಣುತ್ತದೆ, ದೊಡ್ಡ ಆಕಾರ ಕಾಣುತ್ತದೆ, ಬಣ್ಣವೂ ಒಂದಿಷ್ಟು ಕಾಣುತ್ತದೆ. ನಾನು ನೀವಂದುಕೊಂಡವರಲ್ಲ ಎಂದು ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. “ಮಾತಾಡ್ಬೇಡ, ರಸ್ತೆ ನೋಡ್ಕೊಂಡು ಓಡ್ಸು” ಅಂದರು. ಹಿಂದಿನಿಂದ ಹಾರ್ನುಗಳು ಮೊಳಗಿದವು. ಓಡಿಸಿದೆ. ಬಲಕ್ಕೆ, ನೇರ, ಆಮೇಲೆ ನೀರಿನ ಟ್ಯಾಂಕಿನ ಹತ್ತಿರ ಮತ್ತೆ ಬಲಕ್ಕೆ. ಅವರು ಹೇಳುವ ಮೊದಲೇ ಎರಡು ತಿರುವುಗಳಲ್ಲಿ ನನ್ನ ಕೈ ತಿರುಗಿತ್ತು.

ಆ ಮನೆಯ ಬಾಗಿಲಲ್ಲಿ ನನ್ನ ವಯಸ್ಸಿನ ಒಬ್ಬಾಕೆ ನಿಂತಿದ್ದರು. ಬೆರಳುಗಳಿಗೆಲ್ಲ ಒಣಗಿದ ಅಂಟು. ಮನೆಯಲ್ಲೇ ಪುಸ್ತಕಗಳಿಗೆ ರಟ್ಟು ಕಟ್ಟಿ ಕೊಡುತ್ತಾರೆಂದು ಆಮೇಲೆ ತಿಳಿಯಿತು. ಕಾರು ಕಂಡ ಕೂಡಲೇ ಮೂರು ಮೆಟ್ಟಿಲು ಓಡಿಬಂದು, ನಾಲ್ಕನೆಯದರಲ್ಲಿ ನಿಂತುಬಿಟ್ಟರು. ಆ ಮುಖವನ್ನು ನಾನು ಬರೆಯಲಾರೆ. ಅಜ್ಜಿ ಇಳಿದು, ಗೋಡೆ ತಡವುತ್ತ ಒಳಗೆ ಹೋಗಿ, “ಅನ್ನಕ್ಕಿಡೇ, ಇವತ್ತು ಹಸಿವಾಗಿದೆ” ಎಂದು ಕೂಗಿದರು. ಆಕೆ ನನ್ನ ಕಿಟಕಿಯ ಬಳಿ ಬಂದು ಬಣ್ಣದ ಮೇಲೆ ಅಂಗೈಯಿಟ್ಟರು. ಬಹಳ ಹೊತ್ತು ಇಟ್ಟೇ ಇದ್ದರು.

“ನೀವು ಯಾರೋ ನಂಗೊತ್ತಿಲ್ಲ. ನಾಳೆನೂ ಬನ್ನಿ” ಅಂದರು.

ಹೋದೆ. ಯಾಕೆ ಹೋದೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಸಂಜೆ ಐದಕ್ಕೆ ನನಗಾಗಿ ಯಾರೋ ಎಲ್ಲೋ ನಿಂತಿರುವುದು ಎಷ್ಟೋ ವರ್ಷಗಳ ಮೇಲೆ ಅದೇ ಮೊದಲಾಗಿತ್ತು. ನನಗಾಗಿ ಅಲ್ಲ ಎಂಬುದೂ ಗೊತ್ತಿತ್ತು.

ಆಕೆ ಅಜ್ಜಿಯ ಸೊಸೆ, ದಿನಕ್ಕಿಷ್ಟಿಷ್ಟೇ ಹೇಳಿದರು. ಗಂಡ ಭೂಮಿ ಅಳೆಯುವ ಸರ್ವೇಯರ್. ಮುಂಚೆ ಅತ್ತೆ ದಿನಾ ಮಧ್ಯಾಹ್ನ ಗೆಳತಿಯ ಮನೆಗೆ ಹೋಗುವುದು, ಐದಕ್ಕೆ ಕೆಲಸದಿಂದ ಬರುವ ಮಗ ನಿಲ್ದಾಣದಿಂದ ಕಾರಿನಲ್ಲಿ ಕರೆತರುವುದು ರೂಢಿ. ಕಳೆದ ಆಗಸ್ಟಿನ ಒಂದು ಬೆಳಿಗ್ಗೆ ಗಂಡ ಹೆಂಡಿರಿಗೆ ಜಗಳವಾಯಿತು. “ನಾನು ಹೋಗ್ತೀನಿ” ಎಂದು ಬಾಗಿಲು ಬಡಿದು ಹೋದವರು ಹೋದರು. ಪೊಲೀಸರು ಬರೆದುಕೊಂಡರು. ಕಾರು ತೆಗೆದುಕೊಂಡು ತಾನಾಗಿ ಹೋದವನನ್ನು ಎಲ್ಲಿ ಅಂತ ಹುಡುಕೋದಮ್ಮ ಅಂದರು. ಇವರೂ ಹಾಗೇ ನಂಬಿದರು. ಅತ್ತೆ ನಂಬಲಿಲ್ಲ. ದಿನಾ ಐದಕ್ಕೆ ಹೋಗಿ ನಿಲ್ಲುವುದು, ಆರಕ್ಕೆ ಸೊಸೆ ಹೋಗಿ ಕೈಹಿಡಿದು ತರುವುದು, ಊಟದ ತಟ್ಟೆ ಸರಿಸಿ ಮಲಗುವುದು. ಏಳು ತಿಂಗಳಲ್ಲಿ ಅರ್ಧವಾಗಿದ್ದರಂತೆ. ನನ್ನ ಕಾರು ಹತ್ತಿದ ದಿನದಿಂದ ಮತ್ತೆ ಉಣ್ಣತೊಡಗಿದ್ದರು.

ಎರಡನೆಯ ವಾರ ನಾನೇ ಹೇಳಿದೆ, ಈ ಪೊರೆ ತೆಗೆಯಲು ಅರ್ಧ ಗಂಟೆ ಸಾಕು, ನಮ್ಮ ಡಾಕ್ಟರಿಗೆ ನಾನು ಹೇಳುತ್ತೇನೆ ಎಂದು. ಸೊಸೆ ಸೂಜಿ ಕೆಳಗಿಟ್ಟು, “ಕಣ್ಣು ಬಂದ್ರೆ ನಿಮ್ಮ ಮುಖ ಕಾಣುತ್ತಲ್ಲ” ಅಂದರು. ಡಾಕ್ಟರ ಮಾತನ್ನು ಅಲ್ಲಿಗೇ ಬಿಟ್ಟೆ. ಕಣ್ಣು ಕೊಡುವುದನ್ನೇ ಕಸುಬು ಮಾಡಿಕೊಂಡವಳು ಒಬ್ಬ ಮುದುಕಿಯ ಕುರುಡನ್ನು ಕಾಪಾಡುತ್ತ ಕೂತೆ. ಇದನ್ನು ಬೇರೆ ಯಾರಿಗೂ ಹೇಳಿಲ್ಲ.

ಆ ವಾರದಿಂದಲೇ ಮುಂದಿನ ಎಡಸೀಟು ಒದ್ದೆಯಾಗತೊಡಗಿತು. ಅಜ್ಜಿಯನ್ನು ಇಳಿಸಿ ಮನೆಗೆ ಬಂದು ಕೈಯಿಟ್ಟರೆ ತಣ್ಣಗೆ, ನೆನೆದ ಬಟ್ಟೆಯಲ್ಲಿ ಯಾರೋ ಕೂತೆದ್ದ ಹಾಗೆ. ಪಾಚಿಯ ವಾಸನೆ. ಪೇಪರ್ ಅಂಟಿಸಿ ಕೀಳುವಾಗ ಗಾಜಿನ ಸುತ್ತಲ ರಬ್ಬರ್ ಸಡಿಲವಾಗಿದೆ ಅಂದುಕೊಂಡು ಹೊಸ ರಬ್ಬರ್ ಹಾಕಿಸಿದೆ. ಮಳೆಯಿಲ್ಲದ ತಿಂಗಳಲ್ಲಿ ರಬ್ಬರ್ ಸಡಿಲವಾದರೂ ನೀರು ಎಲ್ಲಿಂದ ಬರಬೇಕು ಎಂದು ಆಮೇಲೆ ಹೊಳೆಯಿತು.

ಒಂದು ದಿನ ಮುಂದೆ ದೊಡ್ಡ ಗುಂಡಿ ಬಂತೆಂದು ಗಕ್ಕನೆ ಬ್ರೇಕ್ ಹಾಕಿ, “ಅಯ್ಯೋ” ಅಂದುಬಿಟ್ಟೆ. ಅಷ್ಟು ದಿನ ಅಜ್ಜಿ ಹಿಂದಿನಿಂದ ಮಗನೊಡನೆ ಎಂಬಂತೆ ಮಾತಾಡುತ್ತಿದ್ದರು, ನಾನು ಒಂದು ಮಾತೂ ಆಡಿರಲಿಲ್ಲ. ಹೆಂಗಸಿನ ದನಿ.

ಅಜ್ಜಿ ಹಿಂದಿನಿಂದ ನಕ್ಕರು. “ಹೆದರ್ಬೇಡ ಕಣಮ್ಮಾ. ನೀನು ಹೆಂಗಸು ಅಂತ ಮೊದಲ ದಿನಾನೇ ಗೊತ್ತು. ನಿನ್ನ ಬಳೆ ಸದ್ದು ಕೇಳಲ್ವಾ ನಂಗೆ? ಕಣ್ಣು ಹೋಗಿದೆ, ಕಿವಿ ಹೋಗಿಲ್ಲ.”

ಮತ್ತೆ ಯಾರ ಜೊತೆ ಅಜ್ಜಿ ದಿನಾ ಮಾತಾಡ್ತೀರಿ ಅಂದೆ.

“ನಿನ್ನ ಪಕ್ಕ ಕೂತಿರ್ತಾನಲ್ಲ, ಅವನ ಜೊತೆ. ಆ ಸೀಟನ್ನ ಸ್ವಲ್ಪ ಹಿಂದಕ್ಕೆ ಬಿಡಮ್ಮ. ಉದ್ದ ಕಾಲು ಅವನದು, ಮಂಡಿ ತಾಗುತ್ತೆ.”

ರೀ, ನಾನು ಸೀಟು ಹಿಂದಕ್ಕೆ ಬಿಟ್ಟೆ. ನಡುರಸ್ತೆಯಲ್ಲಿ ಕಾರು ನಿಲ್ಲಿಸಿ, ಬಗ್ಗಿ, ಸೀಟಿನ ಕೆಳಗಿನ ಹಿಡಿ ಎಳೆದು ಬಿಟ್ಟೆ. ಖಾಲಿ ಸೀಟು ತಳ್ಳಿದ ಹಾಗೆ ಹಗುರವಾಗಿ ಅದು ಸರಿಯಲಿಲ್ಲ.

ಆ ದಿನ ಮನೆ ಮುಟ್ಟಿದ ಮೇಲೆ ಸೊಸೆಗೆ ಇದನ್ನು ಹೇಳಲು ಧೈರ್ಯ ಬರಲಿಲ್ಲ. ಬದಲಿಗೆ ಬಹಳ ದಿನದಿಂದ ಡಿಕ್ಕಿಯಲ್ಲಿ ಇಟ್ಟಿದ್ದ ಡಬ್ಬಿಯ ಮುಚ್ಚಳ ತಂದು ತೋರಿಸಿದೆ. ಬಣ್ಣ ಎಲ್ಲಿ ಸಿಕ್ಕಿತೆಂದು ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ‘ಸರ್ವೇಯರ್, ಶನಿವಾರ’ ಎಂಬುದನ್ನು ಅವರು ಎರಡು ಸಲ ಓದಿದರು. ಯಾವ ಶನಿವಾರ ಎಂದು ಕೇಳಿದರು. ನಾನು ಡಬ್ಬಿ ಮಾಮನನ್ನು ವಿಚಾರಿಸಿದ್ದೆ. ಜಗಳವಾದದ್ದು ಗುರುವಾರ. ಅದೇ ಗುರುವಾರ ಬೆಳಿಗ್ಗೆ ಹತ್ತಕ್ಕೆ, ಅಂದರೆ ಜಗಳವಾಡಿ ಹೊರಟ ಮೇಲೆ, ಆತ ಅಂಗಡಿಗೆ ಹೋಗಿ ಬಣ್ಣಕ್ಕೆ ಹೇಳಿ, ಪೂರ್ತಿ ದುಡ್ಡು ಕೊಟ್ಟು, ಶನಿವಾರ ಬರುತ್ತೇನೆ ಎಂದು ಹೋಗಿದ್ದರು.

ಆಕೆ ಮುಚ್ಚಳವನ್ನು ಮಡಿಲಲ್ಲಿಟ್ಟುಕೊಂಡು ಕೂತರು. “ಬಿಟ್ಟು ಹೋಗೋನು ಕಾರಿಗೆ ಬಣ್ಣ ಹೇಳ್ತಾನಾ?” ಎಂದು ನನ್ನನ್ನು ಕೇಳಿದರು. ಏಳು ತಿಂಗಳು ಅವರು ಆತನನ್ನು ಬೈದುಕೊಂಡು ಬದುಕಿದ್ದರು. ಆ ಸಿಟ್ಟೇ ಅವರ ಊರುಗೋಲಾಗಿತ್ತು. ನಾನು ಅದನ್ನು ಕಸಿದುಕೊಂಡೆ.

ಇದಾಗಿ ನಾಲ್ಕನೆಯ ದಿನ, ಏಪ್ರಿಲ್ ಇಪ್ಪತ್ತೆರಡು. ನಿಲ್ದಾಣದಲ್ಲಿ ಅಜ್ಜಿ ಹತ್ತಿದರು. ನೀರಿನ ಟ್ಯಾಂಕಿನ ಬಳಿ ನಾನು ಎಂದಿನಂತೆ ಬಲಕ್ಕೆ ಹೊರಳಬೇಕು.

“ಎಡಕ್ಕೆ” ಅಂದರು ಅಜ್ಜಿ.

ಮನೆ ಬಲಕ್ಕಲ್ವಾ ಅಜ್ಜಿ ಅಂದೆ.

“ನನಗೇನು ಗೊತ್ತು. ಅವನು ಎಡಕ್ಕೆ ಅಂತಿದ್ದಾನೆ.”

ಎಡಗಡೆಯ ರಸ್ತೆ ಸ್ವಲ್ಪ ದೂರಕ್ಕೇ ಡಾಂಬರು ಕಳೆದುಕೊಂಡು ಜಲ್ಲಿಯಾಯಿತು. ಮುಚ್ಚಿಹೋದ ಕಲ್ಲಿನ ಕ್ವಾರಿಯ ಕಡೆ ಹೋಗುವ ದಾರಿ. ಲಾರಿ ತೂಗುವ ಹಳೆಯ ತಕ್ಕಡಿ ತುಕ್ಕು ಹಿಡಿದು ನಿಂತಿತ್ತು. ಬೇಲಿಯ ಕಂಬಗಳು ಒಂದಿದ್ದರೆ ಒಂದಿಲ್ಲ. “ಇಲ್ಲಿ. ಮುಂದೆ ಹೋಗ್ಬೇಡ ಅಂತಿದ್ದಾನೆ” ಎಂದು ಅಜ್ಜಿ ನನ್ನ ಭುಜ ಹಿಡಿದರು. ನಿಲ್ಲಿಸಿ ಇಳಿದು ನೋಡಿದರೆ ಹತ್ತು ಹೆಜ್ಜೆ ಮುಂದೆ ನೆಲವೇ ಇಲ್ಲ.

ಬಿಸಿಲು ಇನ್ನೂ ಚುರುಕಾಗಿತ್ತು. ಕೆಳಗೆ ನೀರು. ಬೇಸಿಗೆಗೆ ಬಹಳ ಇಳಿದು, ಸುತ್ತಲ ಬಂಡೆಯ ಮೇಲೆ ತೊಟ್ಟಿಗೆ ಸೋಪು ಕಟ್ಟಿದ ಹಾಗೆ ಬಿಳಿ ಗೆರೆಗಳು. ನೀರಿನ ಬಣ್ಣ ಕಂಡು ನಾನು ತಿರುಗಿ ಕಾರನ್ನು ನೋಡಿದೆ. ಮತ್ತೆ ನೀರನ್ನು ನೋಡಿದೆ. ಎರಡೂ ಒಂದೇ. ಕಿಲುಬಿಗೆ ಒಂದು ಹನಿ ಹಾಲು. ಬೇರೆಯವರಾಗಿದ್ದರೆ ಅಷ್ಟಕ್ಕೇ ಹಿಂದಿರುಗುತ್ತಿದ್ದರೇನೋ. ಸಣ್ಣ ವ್ಯತ್ಯಾಸ ಹುಡುಕುವುದು ನನ್ನ ಕಣ್ಣಿಗೆ ಅಂಟಿದ ಚಟ. ಗಾಳಿಗೆ ತೆರೆಗಳು ಸಣ್ಣಗೆ ಓಡುತ್ತಿದ್ದವು. ಬಂಡೆಯ ಬುಡದಲ್ಲಿ ಒಂದೆಡೆ ಮಾತ್ರ ಅವು ನೇರವಾದ ಗೆರೆಗೆ ಬಡಿದು ಮುರಿಯುತ್ತಿದ್ದವು. ಗೆರೆ ಒಂದು ಕಡೆ ತಿರುಗಿತು. ಮತ್ತೊಂದು ಕಡೆಯೂ ತಿರುಗಿತು. ನೀರಿಗೆ ಮೂಲೆಗಳಿರುವುದಿಲ್ಲ.

ನೀರಿನಿಂದ ಒಂದು ಗೇಣು ಕೆಳಗೆ ಕಾರಿನ ಚಾವಣಿ.

ಕಾರಿನ ಬಳಿಗೆ ಹಿಂದಿರುಗಿದೆ. ಹಿಂದಿನ ಬಾಗಿಲು ತೆರೆದಿತ್ತು. ಆ ಕೆಂಪಿನ ನಡುವೆ ಅಜ್ಜಿ ಚೀಲವನ್ನು ತಬ್ಬಿಕೊಂಡು ಕೂತಿದ್ದರು. ನಾನು ಏನೂ ಹೇಳಿರಲಿಲ್ಲ.

“ಸಿಕ್ಕಿದ್ನಾ?” ಅಂದರು.

ಮರುದಿನ ಪೊಲೀಸರು ಬಂದರು, ಕ್ರೇನು ಬಂತು, ನೀರಿಗಿಳಿಯುವವರು ಇಬ್ಬರು ಬಂದರು. ಸೊಸೆಯ ಪಕ್ಕ ನಾನು ನಿಂತಿದ್ದೆ. ಮೇಲೆ ಬಂದ ಕಾರಿನ ಬಣ್ಣ ಅಷ್ಟು ತಿಂಗಳ ನೀರಿನಲ್ಲೂ ಎದ್ದಿರಲಿಲ್ಲ. ನನ್ನದಕ್ಕಿಂತ ಚೆನ್ನಾಗಿತ್ತು ಕೈಕೆಲಸ. ಆತ ಚಾಲಕನ ಸೀಟಿನಲ್ಲೇ ಇದ್ದರು. ಹಿಂದೆ ಅಳತೆಯ ಮೂರು ಕಾಲಿನ ಸ್ಟ್ಯಾಂಡು, ಸರಪಳಿ. ಬೇಲಿಗೆ ಗೆರೆ ಅಳೆಯಲು ಹೋಗಿ, ಮಳೆಗೆ ನೆನೆದ ಅಂಚು ಕುಸಿದಿದೆ ಎಂದು ಪೊಲೀಸರು ಅಂದರು. ಸೊಸೆ ಹೇಳಿದರು, ಆತ ಕಾಣೆಯಾದ ವಾರ ತಾವೇ ಆ ದಂಡೆಗೆ ಹೋಗಿ ನಿಂತು ನೋಡಿದ್ದರಂತೆ. ಮದುವೆಗೆ ಮುಂಚೆ ಇಬ್ಬರೂ ಸೇರುತ್ತಿದ್ದ ಜಾಗ ಅದು. ಆ ನೀರು ನೋಡಿಯೇ ಆತ ಬಣ್ಣ ಕಲಸಿಸಿದ್ದು. “ನೋಡ್ದೆ. ನೀರು ಬಿಟ್ಟು ಏನೂ ಕಾಣಲಿಲ್ಲ” ಅಂದರು.

ಕಾರನ್ನು ಪರೀಕ್ಷಿಸಿದ ಪೊಲೀಸ್ ಮೆಕ್ಯಾನಿಕ್ ಸಂಜೆ ಬಂದು ಒಂದು ಮಾತು ಹೇಳಿದ. ಗಾಡಿ ರಿವರ್ಸ್ ಗೇರಿನಲ್ಲಿತ್ತು.

ಸೊಸೆ ಅಷ್ಟು ಹೊತ್ತೂ ಅತ್ತಿರಲಿಲ್ಲ. ಆಗ ನನ್ನ ಕೈ ಹಿಡಿದುಕೊಂಡು, “ವಾಪಸ್ ಬರ್ತಿದ್ರು” ಅಂದರು. ಅದನ್ನೇ ಎಷ್ಟು ಸಲ ಅಂದರೋ ಲೆಕ್ಕವಿಲ್ಲ. “ನೋಡಿ, ವಾಪಸ್ ಬರ್ತಿದ್ರು.”

ಅಂದಿನಿಂದ ಎಡಸೀಟು ಒಣಗಿದೆ. ಅಜ್ಜಿ ನಿಲ್ದಾಣಕ್ಕೆ ಹೋಗುವುದನ್ನು ನಿಲ್ಲಿಸಿದ್ದಾರೆ. ಮೊದಲ ಒಂದು ವಾರ ಮಲಗಿಯೇ ಇದ್ದರು, ಆದರೆ ಊಟ ಬಿಡಲಿಲ್ಲ. ಮೊನ್ನೆ ಬುಧವಾರ ಬಲಗಣ್ಣಿನ ಪೊರೆ ತೆಗೆದರು. ಕಟ್ಟು ಬಿಚ್ಚಿದಾಗ ಮೊದಲು ಸೊಸೆಯ ಮುಖ ನೋಡಿ, “ಎಷ್ಟು ಇಳಿದುಹೋಗಿದೀಯೇ” ಎಂದು ಬೈದರಂತೆ. ಇನ್ನೂ ನನ್ನನ್ನು ನೋಡಿಲ್ಲ. ನಾನೇ ಹೋಗಿಲ್ಲ. ಬಣ್ಣ ಬದಲಾಯಿಸಿಬಿಡಲೇ ಎಂದು ಸೊಸೆಯನ್ನು ಕೇಳಿದ್ದಕ್ಕೆ, ಬೇಡ, ಊರಲ್ಲಿ ಎಲ್ಲಾದರೂ ಒಂದೊಂದು ಸಲ ಕಾಣ್ತಾ ಇರಲಿ ಅಂದರು.

ಈಗ ನಿಮ್ಮ ಎರಡನೆಯ ಪ್ರಶ್ನೆ.

ನೀವು ಹೋದ ದಿನ ನಮಗೆ ಜಗಳವಾಗಿರಲಿಲ್ಲ. ಕಾರಿನ ಎಣ್ಣೆ ಬದಲಾಯಿಸಿದಿರಿ, ಟೈರುಗಳಿಗೆ ಗಾಳಿ ತುಂಬಿಸಿದಿರಿ, ಕೀಲಿಯನ್ನು ಮೇಜಿನ ಮೇಲೆ ನನ್ನ ಕಡೆಗೆ ತಿರುಗಿಸಿಟ್ಟು ಹೋದಿರಿ. ಎಲ್ಲ ಯೋಚಿಸಿ ಮಾಡಿದ ಕೆಲಸ. ನಾನು ನಿಮಗಾಗಿ ಕಾಯಲಿಲ್ಲ, ಸುಳ್ಳು ಹೇಳುವುದಿಲ್ಲ. ಕಾಯುವುದೆಂದರೆ ಏನು ಎಂಬುದನ್ನು ಆ ಮನೆಯಲ್ಲಿ ಈಗ ನೋಡಿದೆ. ನನ್ನಿಂದ ಆ ಕೆಲಸ ಆಗಿಲ್ಲ, ಇನ್ನು ಆಗುವುದೂ ಇಲ್ಲ. ಸಿಟ್ಟೂ ಉಳಿದಿಲ್ಲ, ಉಜ್ಜಿದ ನೀರಿನ ಜೊತೆ ಮೋರಿಗೆ ಹೋಯಿತೋ ಏನೋ.

ಆದ್ದರಿಂದ ಬರಬೇಡಿ. ಚೆನ್ನಾಗಿರಿ. ಮೊಣಕಾಲಿನ ನೋವಿಗೆ ಯಾರಿಗಾದರೂ ತೋರಿಸಿಕೊಳ್ಳಿ, ಹಾಗೇ ಎಳೆದಾಡಬೇಡಿ.

ಇಷ್ಟೇ,
ನೀವು ‘ಇವಳೇ’ ಎಂದು ಕರೆಯುತ್ತಿದ್ದವಳು

ತಾ.ಕ.: ಮೇಲೆ ಒಂದು ವಿಷಯ ಮುಚ್ಚಿಟ್ಟೆ. ಲಕೋಟೆ ಅಂಟಿಸುವ ಮುನ್ನ ಬರೆಯದೆ ಇರಲಾರೆ. ಈ ಊರಿಗೆ ಬಂದಾಗ, ಗಂಡ ಎಲ್ಲಿ ಎಂದು ಕೇಳಿದವರಿಗೆಲ್ಲ ತೀರಿಕೊಂಡರು ಎಂದೇ ಹೇಳಿದ್ದೇನೆ. ಅಂಗಡಿಯಲ್ಲಿ, ಬೀದಿಯಲ್ಲಿ, ಆ ಸೊಸೆಗೂ ಸಹ. ಬಿಟ್ಟು ಹೋದರು ಎನ್ನುವುದಕ್ಕಿಂತ ಅದು ಸುಲಭವಾಗಿತ್ತು, ಕ್ಷಮಿಸಿ. ಕ್ವಾರಿಯಿಂದ ಮನೆಗೆ ಕರೆತಂದ ಆ ಸಂಜೆ ಅಜ್ಜಿ ಇಳಿದು, ಬಾಗಿಲು ಹಾಕದೆ, ತಾವು ಕೂತಿದ್ದ ಜಾಗದ ಪಕ್ಕಕ್ಕೆ ಕೈ ತೋರಿಸಿ ಹೇಳಿದರು: “ನನ್ನ ಮಗ ಇಳಿದು ಹೋದ. ಇಲ್ಲಿ ನನ್ನ ಪಕ್ಕ ಕೂತಿದಾನಲ್ಲ ನಿನ್ನೋನು, ಅವನು ಯಾಕೆ ಇಳೀತಿಲ್ಲ? ಇವತ್ತೇ ಹತ್ತಿದಾನೆ, ಮಂಡಿ ಹಿಡ್ಕೊಂಡು ಕೂತಿದಾನೆ.” ನಿಮ್ಮ ಪತ್ರ ಬಂದದ್ದು ಅದಕ್ಕೆ ಎರಡು ವಾರ ಮುಂಚೆ. ಆಮೇಲಿನದು ನನಗೇನೂ ಗೊತ್ತಿಲ್ಲ. ಹಿಂದಿನ ಸೀಟಿಗೆ ಕೈಯಿಟ್ಟು ನೋಡುವ ಧೈರ್ಯವಿಲ್ಲ. ಬರಬೇಡಿ ಎಂದದ್ದು ನಿಜವೇ. ಆದರೆ ಇದು ಕೈ ಸೇರಿದ ಕೂಡಲೇ ಒಂದು ಕಾರ್ಡಿನಲ್ಲಿ ಒಂದೇ ಸಾಲು, ನಿಮ್ಮದೇ ಅಕ್ಷರದಲ್ಲಿ, ತಾರೀಕು ಹಾಕಿ ಬರೆಯಿರಿ. ಬೈದಾದರೂ ಬರೆಯಿರಿ.